ಕಲ್ಲುಬಾನಿಯ ಏಳು ಮೀನು

ಕೊಳೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದು ಹುಟ್ಟಿನಿಂದಲೇ ಬಂದದ್ದು. ಈಗಲೂ ಮೊಮ್ಮಕ್ಕಳು ಉಂಡು ಏಳುವ ಮೊದಲೇ ಅವರ ತಟ್ಟೆಗೆ ಕೈಹಾಕಿ ಬೈಸಿಕೊಳ್ಳುತ್ತೇನೆ. ನನ್ನ ತವರು ಚಳ್ಳಕೆರೆ ಸೀಮೆಯ ಒಂದು ಹಳ್ಳಿ. ನಾವೂ ನೇಕಾರರೇ, ಆದರೆ ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟು ಹೊಲ ಹಿಡಿದವರು. ಅಲ್ಲಿ ದಿನಕ್ಕೆ ಎರಡು ಕೊಡ ನೀರು. ಒಂದು ಕುಡಿಯಲು, ಇನ್ನೊಂದು ಮಿಕ್ಕ ಎಲ್ಲದಕ್ಕೂ. ಅಷ್ಟರಲ್ಲೇ ನಮ್ಮವ್ವ ಮನೆಯನ್ನು ಫಳಫಳ ಅನ್ನುವಂತೆ ಇಟ್ಟಿದ್ದಳು. ಮದುವೆಯಾಗಿ ಮೊಳಕಾಲ್ಮೂರಿನ ಗಾಡಿ ಹತ್ತುವಾಗ ಅವಳು ಹೇಳಿದ್ದು ಒಂದೇ ಮಾತು. "ಹೋದ ಮನ್ಯಾಗೆ ಮೂಲೆ ಮೂಲೆ ಬಳದು ತಿಕ್ಕಿ ಇಡು. ಬೈಯೋರ ಬಾಯಿ ತಾನೇ ಮುಚ್ಕೊಂತೈತೆ." ನಾನು ಆ ಮಾತನ್ನು ಸ್ವಲ್ಪ ಜಾಸ್ತಿಯೇ ಪಾಲಿಸಿದೆ. ಅದರಿಂದ ಏನಾಯಿತು ಎಂಬುದನ್ನು ಹೇಳುತ್ತೇನೆ.

ಗಂಡನ ಮನೆಯವರು ರೇಷ್ಮೆ ಸೀರೆ ನೇಯುವವರು. ಇದ್ದದ್ದು ನಾಲ್ಕು ಜನ: ಅತ್ತೆ, ಮಾವ, ನಮ್ಮ ಮನೆಯವರು, ನಾನು. ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ, ಈ ವಯಸ್ಸಿನಲ್ಲಿ ಹೊಸದಾಗಿ ಶುರು ಮಾಡುವ ಆಸೆಯೂ ನನಗಿಲ್ಲ. ಐದನೆಯದಾಗಿ ಒಂದು ಬೂದು ಬೆಕ್ಕು ಇತ್ತು. ಮುಂದಿನ ಪಡಸಾಲೆಯಲ್ಲಿ ಎರಡು ಗುಂಡಿ ಮಗ್ಗ, ಅಂದರೆ ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟುಕೊಂಡು ಕೂತು ನೇಯುವಂಥವು. ಕಿಟಕಿಯ ಪಕ್ಕದ್ದು ಮಾವನದು, ಒಳಗೋಡೆಯ ಪಕ್ಕದ್ದು ಮಗನದು. ಮದುವೆ ಸೀರೆಯ ಅಂಚು, ಸೆರಗಿನ ಬುಟ್ಟಾ, ಇಂಥ ನಾಜೂಕಿನ ಕೆಲಸವೆಲ್ಲ ಕಿಟಕಿಯ ಮಗ್ಗಕ್ಕೇ ಹೋಗುತ್ತಿತ್ತು. ಬೆಳಗಾದರೆ ಹೊಕ್ಕಿನ ಎಳೆ ಹೊತ್ತು ಅತ್ತಿತ್ತ ಓಡುವ ಲಾಳಿಯ ಟಕಟಕ, ಸಂಜೆಯಾದರೂ ಅದೇ ಟಕಟಕ. ಹೊಸದರಲ್ಲಿ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಮನೆಯ ನಡುವಿನ ಅಂಗಳದಲ್ಲಿ ಒಂದು ಕಲ್ಲುಬಾನಿ ಇತ್ತು. ಒಂದೇ ಕರಿಕಲ್ಲಿನಲ್ಲಿ ಕಡೆದ ತೊಟ್ಟಿ, ಕೈಯಿಟ್ಟರೆ ಮೊಣಕೈ ಮುಳುಗುವಷ್ಟು ಆಳ. ಅದರಲ್ಲಿ ಬೆರಳುದ್ದದ ಏಳು ಮೀನು ಇದ್ದವು. ಆರು ಬೆಳ್ಳಿ ಬಣ್ಣದವು, ಏಳನೆಯದು ಮಾತ್ರ ಕಪ್ಪು, ಗಾತ್ರದಲ್ಲೂ ಚಿಕ್ಕದು. ಜಟಿಂಗ ರಾಮೇಶ್ವರಕ್ಕೆ ಹೋದಾಗ ಬೆಟ್ಟದ ಬುಡದ ದೊಣೆಯಿಂದ, ಆ ಬಂಡೆಯ ಹೊಂಡದಿಂದ, ಮಾವನೇ ಗಡಿಗೆಯಲ್ಲಿ ತಂದು ಬಿಟ್ಟಿದ್ದರಂತೆ. ಸೊಳ್ಳೆ ಮರಿ ತಿನ್ನಲಿ ಎಂದು ಇಟ್ಟಿದ್ದಾರೆ ಅಂದುಕೊಂಡಿದ್ದೆ. ಯಾರೂ ನನಗೆ ಬೇರೆ ಏನನ್ನೂ ಹೇಳಿರಲಿಲ್ಲ.

ಮಾವ ದಿನಾ ಬೆಳಿಗ್ಗೆ ಮುಖ ತೊಳೆದು, ಹಣೆಗೆ ವಿಭೂತಿ ಇಟ್ಟು, ಬಾನಿಯ ಪಕ್ಕದ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದರು. ನೀರಿನೊಳಗೆ ನೋಡಿ ಏನೋ ಗೊಣಗಿ, ಎದ್ದು ಸೀದಾ ಮಗ್ಗಕ್ಕೆ ಹೋಗುತ್ತಿದ್ದರು. ದೇವರ ನಾಮ ಹೇಳುತ್ತಾರೆ ಅಂತ ನನ್ನ ಲೆಕ್ಕ.

ಆ ಕಾಲದಲ್ಲಿ ಸೊಸೆ ಮಾವನ ಎದುರು ನಿಲ್ಲುವ ಹಾಗಿರಲಿಲ್ಲ, ನೇರ ಮಾತಂತೂ ಇಲ್ಲವೇ ಇಲ್ಲ. ಏನಾದರೂ ಬೇಕಿದ್ದರೆ ಅವರು ಅತ್ತೆಗೆ ಹೇಳಬೇಕು, ಅತ್ತೆ ನನಗೆ ಹೇಳಬೇಕು. ಅತ್ತೆ ಇಲ್ಲದಾಗ ಬೆಕ್ಕಿಗೆ ಹೇಳುತ್ತಿದ್ದರು. "ಏ ಬೆಕ್ಕೇ, ಕುಡಿಯಾಕೆ ನೀರು ಸಿಗ್ತೈತೇನೇ?" ಎಂದು ಅಂಗಳದಿಂದ ಕೂಗಿದರೆ ನಾನು ಚೊಂಬು ತಂದು ಹೊಸ್ತಿಲ ಮೇಲಿಟ್ಟು ಹಿಂದೆ ಸರಿಯುತ್ತಿದ್ದೆ. ಉತ್ತರ ಕೊಡಬೇಕಾದರೆ ನಾನೂ ಅಡುಗೆ ಮನೆಯ ಬಾಗಿಲ ಹಿಂದಿನಿಂದ ಬೆಕ್ಕಿಗೇ ಹೇಳುತ್ತಿದ್ದೆ. ಬೆಕ್ಕು ಅವರ ಮುಖ, ಈ ಬಾಗಿಲು ಎರಡನ್ನೂ ನೋಡಿ, ಇದೆಲ್ಲ ತನಗ್ಯಾಕೆ ಬೇಕು ಎಂದು ಮಲಗಿಬಿಡುತ್ತಿತ್ತು.

ನಾನು ಹೋಗಿ ಮೂರು ತಿಂಗಳಾಗಿತ್ತು. ಚಳ್ಳಕೆರೆಗೆ ಕೊಟ್ಟಿದ್ದ ನಾದಿನಿಗೆ ಮೂರನೆಯ ಹೆರಿಗೆ. ಅವಳು ಪ್ರಯಾಣ ಮಾಡುವ ಸ್ಥಿತಿಯಲ್ಲಿರಲಿಲ್ಲವಾದ್ದರಿಂದ ಅತ್ತೆಯೇ ಬಾಣಂತನಕ್ಕೆ ಹೊರಟರು. ಗಾಡಿಯಲ್ಲಿ ಕೂತು ಅವರು ಕೊಟ್ಟ ಅಪ್ಪಣೆಗಳು ಒಂದೆರಡಲ್ಲ. ಉಪ್ಪಿನಕಾಯಿ ಜಾಡಿಗೆ ಒದ್ದೆ ಕೈ ಹಾಕಬೇಡ, ದೀಪದ ಬತ್ತಿ ತೆಳ್ಳಗೆ ಹೊಸಿ, ಬೆಕ್ಕಿಗೆ ಹಾಲು ಹೆಚ್ಚು ಹಾಕಬೇಡ, ಮಾವನಿಗೆ ಸಾರು ಖಾರ ಮಾಡಬೇಡ. ಬಾನಿಯ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಅದನ್ನು ಯಾರಾದರೂ ತಿಕ್ಕಿ ತೊಳೆಯಬಹುದು ಎಂಬುದು ಅವರ ಕನಸಿನಲ್ಲೂ ಬಂದಿರಲಿಲ್ಲ.

ನನಗೋ ಬಂದ ದಿನದಿಂದಲೂ ಆ ಬಾನಿಯ ಮೇಲೇ ಕಣ್ಣು. ಒಳಗೋಡೆಗೆಲ್ಲ ಬೆರಳ ದಪ್ಪ ಹಸಿರು ಪಾಚಿ. ಕೈಯಿಟ್ಟರೆ ಲೋಳೆ. ಇಷ್ಟು ಶಿಸ್ತಿನ ಮನೆಯಲ್ಲಿ ಇದೊಂದು ಹೊಲಸು ಯಾಕೆ ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಗಾಡಿ ತಿರುವು ದಾಟಿದ್ದೇ ತಡ, ನಾನು ಸೆರಗು ಸಿಕ್ಕಿಸಿದೆ. ಗಂಡಸರಿಬ್ಬರೂ ಮಗ್ಗದ ಗುಂಡಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು, ಅಂಗಳದ ಕಡೆ ಯಾರ ಗಮನವೂ ಇರಲಿಲ್ಲ. ಮೀನುಗಳನ್ನು ಹಿಡಿದು ಗಡಿಗೆಗೆ ಹಾಕಿದೆ. ನೀರನ್ನೆಲ್ಲ ಮೊಗೆದು ಚೆಲ್ಲಿದೆ. ಬೂದಿ, ಮರಳು, ಕತ್ತಾಳೆ ನಾರು ಹಾಕಿ ಮಧ್ಯಾಹ್ನದವರೆಗೂ ಉಜ್ಜಿದೆ. ಪಾಚಿಯನ್ನೆಲ್ಲ ಕೆರೆದು ಕರಿಬೇವಿನ ಗಿಡದ ಬುಡಕ್ಕೆ ಸುರಿದೆ. ಆ ಕಲ್ಲನ್ನು ಕಡೆದವನೂ ಅದರ ಹೊಳಪನ್ನು ಹಾಗೆ ನೋಡಿರಲಾರ. ಬಾವಿಯಿಂದ ಹೊಸ ನೀರು ಸೇದಿ ತುಂಬಿಸಿ ಮೀನು ಬಿಟ್ಟಾಗ ನನಗೆ ನನ್ನ ಮೇಲೇ ಹೆಮ್ಮೆ ಉಕ್ಕಿತು. ಪಾಪ, ಇಷ್ಟು ದಿನ ಕೊಳಕಿನಲ್ಲಿ ಉಪವಾಸ ಇದ್ದವು ಎಂದು ಒಂದು ಹಿಡಿ ನವಣೆ ಅನ್ನವನ್ನೂ ಹಾಕಿದೆ.

ಮರುದಿನ ಬೆಳಿಗ್ಗೆ ಮಾವ ಬಾನಿಯ ಹತ್ತಿರ ಕೂತರು. "ಬೆಕ್ಕೇ, ಇವತ್ತು ಬಲು ಸಲೀಸಾಗಿ ಕಂಡ್ವಲ್ಲೇ," ಎಂದು ಹೇಳಿ ನಗುತ್ತಾ ಮಗ್ಗಕ್ಕೆ ಹೋದರು. ಹೊಗಳಿಕೆ ನನಗೇ ಎಂದುಕೊಂಡು ಅವತ್ತು ಮೀನುಗಳಿಗೆ ಎರಡು ಹಿಡಿ ಅನ್ನ ಹಾಕಿದೆ. ಆಮೇಲೆ ಅದು ದಿನದ ಪದ್ಧತಿಯಾಯಿತು.

ನಾಲ್ಕನೆಯ ದಿನ ಬೆಳಕು ಹರಿಯುವಾಗ ಬಾಗಿಲು ತೆಗೆದು ನೋಡುತ್ತೇನೆ, ಬಾನಿಯ ನೀರು ಬೆಳ್ಳಗಾಗಿದೆ. ಅಕ್ಕಿ ತೊಳೆದ ನೀರಿನ ಹಾಗೆ. ಮೀನುಗಳು ಒಳಗೆಲ್ಲೋ ಇದ್ದವು, ಆದರೆ ಒಂದೂ ಕಾಣುತ್ತಿರಲಿಲ್ಲ. ಬದಲಿಸೋಣವೆಂದರೆ ಅಷ್ಟರಲ್ಲಿ ಮಾವ ಬಂದು ಕಲ್ಲಿನ ಮೇಲೆ ಕೂತೇಬಿಟ್ಟರು. ನಾನು ಅಡುಗೆ ಮನೆಗೆ ಓಡಿ ಬಾಗಿಲ ಹಿಂದೆ ನಿಂತೆ.

ಅವರು ಬಹಳ ಹೊತ್ತು ಕೂತರು. ಬಗ್ಗಿ ನೋಡಿದರು, ಕಣ್ಣುಜ್ಜಿ ನೋಡಿದರು, ಜಾಗ ಬದಲಿಸಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಏ ಬೆಕ್ಕೇ, ಬಾನಿ ನೀರು ತಿಳಿಯಾಗೈತೇನೇ?"

ಈಗ ನಿಜ ಹೇಳಿದರೆ ಯಾಕೆ ಕೆಟ್ಟಿತು ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆ ಬಂದರೆ ನಾನು ತೊಳೆದದ್ದು ಹೊರಬೀಳುತ್ತದೆ. ಹೊಸ ಸೊಸೆ ಬಂದು ಮೂರು ತಿಂಗಳಿಗೆ ಮನೆಯ ನೀರು ಕೆಡಿಸಿದಳು ಎಂದು ಚಳ್ಳಕೆರೆಯವರೆಗೂ ಸುದ್ದಿ ಹೋಗುತ್ತದೆ, ಅಲ್ಲಿಂದ ನಮ್ಮವ್ವನ ಕಿವಿಗೆ. ಇಷ್ಟೆಲ್ಲ ಒಂದು ಉಸಿರಿನಲ್ಲಿ ಯೋಚಿಸಿ, "ಬೆಕ್ಕೇ, ಕನ್ನಡಿ ಹಂಗೈತೆ ಅನ್ನು," ಎಂದೆ.

"ಹೌದಾ," ಎಂದರು ಮಾವ.

ಎದ್ದು ಪಡಸಾಲೆಗೆ ಹೋದರು. ಸ್ವಲ್ಪ ಹೊತ್ತಾದರೂ ಲಾಳಿಯ ಸದ್ದಿಲ್ಲ. ಇಣುಕಿ ನೋಡಿದರೆ, ಅರ್ಧ ನೇಯ್ದ ಮದುವೆ ಸೀರೆಯ ಮೇಲೆ ಹಳೆಯ ಪಂಚೆಯೊಂದನ್ನು ಹೊದಿಸುತ್ತಿದ್ದರು. ಮಗ ಯಾಕೆಂದು ಕೇಳಿದ್ದಕ್ಕೆ "ಸೊಂಟ ಹಿಡ್ಕಂಡೈತೆ ಕಣಲೇ, ನಾಕು ದಿನ ಬಿಟ್ಟು ನೋಡಾನ," ಎಂದರು.

ಮರುದಿನವೂ ಬಾನಿಯ ಹತ್ತಿರ ಬಂದು ಬೆಕ್ಕಿಗೆ ಅದೇ ಪ್ರಶ್ನೆ ಕೇಳಿದರು. ನಾನೂ ಅದೇ ಉತ್ತರ ಕೊಟ್ಟೆ. ಮೂರನೆಯ ದಿನವೂ ಹಾಗೇ ಆಯಿತು. ಸುಳ್ಳು ಹೇಳಿದ್ದು ಮಾವನಿಗಲ್ಲ, ಬೆಕ್ಕಿಗೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಲ್ಲಿಂದಾಚೆಗೆ ಅವರು ಬಾನಿಯ ಕಡೆ ಬರುವುದನ್ನೇ ಬಿಟ್ಟರು. ಬೆಳಿಗ್ಗೆ ಎದ್ದವರು ರಾಟೆಯ ಮುಂದೆ ಕೂತು ಕಂಡಿಕೆ ಸುತ್ತಲು ಶುರು ಮಾಡಿದರು. ಲಾಳಿಯೊಳಗೆ ಕೂರಿಸುವ ಕಂಡಿಕೆಗೆ ನೂಲು ಸುತ್ತುವುದು ಹೆಂಗಸರ ಕೆಲಸ, ಅಂದರೆ ನನ್ನ ಕೆಲಸ. ಬೆರಳಲ್ಲೇ ಎಳೆ ಹಿಡಿದು ಅವರು ಚೆನ್ನಾಗಿಯೇ ಸುತ್ತುತ್ತಿದ್ದರು. ಹೇಳಲು ನಾಚಿಕೆ ಆಗುತ್ತದೆ, ನನಗೆ ಆಗ ಖುಷಿಯೇ ಆಯಿತು. ಇಂಥ ಒಳ್ಳೆ ಮಾವ ಯಾರಿಗುಂಟು ಎಂದುಕೊಂಡೆ. ಮಿಕ್ಕ ಹೊತ್ತನ್ನೆಲ್ಲ ಬಾನಿಗೆ ಸುರಿದೆ.

ನೀರನ್ನು ಪೂರಾ ಚೆಲ್ಲಿ ಹೊಸ ನೀರು ತುಂಬಿಸಿದೆ. ಅವತ್ತು ತಿಳಿ, ಮರುದಿನ ಮಸುಕು, ಅದರ ಮರುದಿನ ಮತ್ತೆ ಹಾಲು. ಪಾಪಿ ಕಲ್ಲಿನಲ್ಲೇ ಏನೋ ಉಳಿದಿದೆ ಎಂದು ಮತ್ತೆ ಬೂದಿ ಹಾಕಿ ಉಜ್ಜಿದೆ. ಮತ್ತೆ ಹಾಲು. ತವರಿನಲ್ಲಿ ಕೆರೆಯ ನೀರಿಗೆ ಮಾಡುತ್ತಿದ್ದ ಹಾಗೆ ಕದಡನ್ನು ತಳಕ್ಕಿಳಿಸುವ ಚಿಲ್ಲದ ಬೀಜ ತೇಯ್ದು ಹಾಕಿದೆ. ಒಂದು ದಿನ ಪರವಾಗಿಲ್ಲ ಅನ್ನಿಸಿತು, ಆಮೇಲೆ ಅದೇ ಕಥೆ. ಬಾವಿಗೂ ಅಂಗಳಕ್ಕೂ ಓಡಾಡಿ ನನ್ನ ರಟ್ಟೆ ಬಿದ್ದುಹೋಯಿತು. ಸಿಟ್ಟು ಬಂದು ಬಾನಿಗೆ ಒಮ್ಮೆ ಒದ್ದೆ. ನೋವಾದದ್ದು ನನ್ನ ಕಾಲಿಗೇ.

ನಮ್ಮ ಮನೆಯವರು ಒಂದು ಮಧ್ಯಾಹ್ನ ನೀರು ಕುಡಿಯಲು ಬಂದವರು ಬಾನಿಯಲ್ಲಿ ಇಣುಕಿ, "ಇದೇನು, ಮಜ್ಜಿಗ್ಯಾಗೆ ಮೀನು ಸಾಕೀಯಲ್ಲ?" ಎಂದರು.

"ನಗಬ್ಯಾಡ್ರಿ. ಏನಾರ ಉಪಾಯ ಇದ್ರೆ ಹೇಳ್ರಿ," ಎಂದೆ.

ಬಣ್ಣ ಹಾಕುವುದಕ್ಕೆಂದು ಇಟ್ಟಿದ್ದ ಪಟಿಕದ ದೊಡ್ಡ ಹರಳೊಂದನ್ನು ತಂದು ನೀರಿನಲ್ಲಿ ಗರಗರ ತಿರುಗಿಸಿದರು. ನೇಕಾರರಿಗೆ ಯಾವ ನೀರಿನ ರೋಗಕ್ಕೂ ಅದೊಂದೇ ಮದ್ದು. ಸಂಜೆಗೆ ನೀರು ತಿಳಿಯಾಯಿತು. ಆದರೆ ಏಳೂ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನಾನು ಹೋ ಎಂದು ಅತ್ತುಬಿಟ್ಟೆ. ಅವರೂ ಗಾಬರಿಯಾಗಿ ಕೊಡ ಹಿಡಿದರು. ಇಬ್ಬರೂ ಸೇರಿ ನೀರೆಲ್ಲ ಬದಲಿಸಿ ಮೀನು ಉಳಿಸಿಕೊಂಡೆವು. ಎರಡು ದಿನಕ್ಕೆ ನೀರು ಮತ್ತೆ ಬೆಳ್ಳಗಾಯಿತು.

ಹೀಗೆ ಹದಿನೈದು ದಿನ ಕಳೆಯಿತು. ಒಂದು ಮಧ್ಯಾಹ್ನ ಗಾಡಿ ಬಂದು ನಿಂತಿತು, ಅತ್ತೆ ಇಳಿದರು. ಅವರ ತವರು ಆಂಧ್ರದ ಗಡಿಯಾಚೆ. ಸಿಟ್ಟು, ಸಂತೋಷ, ಗಾಬರಿ ಮೂರೂ ಅವರಿಗೆ ತೆಲುಗಿನಲ್ಲೇ ಬರುತ್ತಿದ್ದವು. ಹೆಣ್ಣು ಮಗು, ತಾಯಿ ಮಗು ಚೆನ್ನಾಗಿದ್ದಾರೆ ಎಂದು ನಗುನಗುತ್ತಾ ಹೇಳುತ್ತಾ ಒಳಗೆ ಬಂದವರು ಮಾವನ ಮಗ್ಗದ ಮೇಲಿನ ಪಂಚೆ ನೋಡಿ ತಟ್ಟನೆ ನಿಂತರು. ಮುಖ ಕಳೆಗುಂದಿತು. ರಾಟೆಯ ಮುಂದೆ ಕೂತಿದ್ದ ಮಾವ ತಲೆಯೆತ್ತಲಿಲ್ಲ. ಅತ್ತೆ ಏನೂ ಕೇಳದೆ ನೇರ ಅಂಗಳಕ್ಕೆ ಹೋಗಿ ಬಾನಿಯಲ್ಲಿ ನೋಡಿದರು.

"ನೀಳ್ಳಕೇಮೈಂದಿ?" ಎಂದರು. ನೀರಿಗೆ ಏನಾಯಿತು ಎಂದು ಕೇಳುತ್ತಿದ್ದಾರೆಂಬುದು ತೆಲುಗು ಬರದ ನನಗೂ ಅರ್ಥವಾಯಿತು. ಅವರು ನನ್ನನ್ನು ಅಡುಗೆ ಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದರು. ನಾನು ತೊಳೆದದ್ದು, ತುಂಬಿದ್ದು, ಅನ್ನ ಹಾಕಿದ್ದು, ಪಟಿಕ ಹಾಕಿದ್ದು ಎಲ್ಲವನ್ನೂ ಒಪ್ಪಿಸಿದೆ.

"ನಿಮ್ಮ ಮಾವ ನೀರು ತಿಳಿಯಾಗೈತೇನು ಅಂತ ಕೇಳ್ಲಿಲ್ವಾ?"

"ಕೇಳಿದ್ರು."

"ನೀನೇನಂದೆ?"

"ಕನ್ನಡಿ ಹಂಗೈತೆ ಅಂದೆ."

"ಯಾರಿಗಂದೆ?"

"ಬೆಕ್ಕಿಗೆ."

ಅತ್ತೆ ಹಣೆ ಹಣೆ ಚಚ್ಚಿಕೊಂಡು ಅಲ್ಲೇ ನೆಲದ ಮೇಲೆ ಕೂತರು. ಆಮೇಲೆ ಮಗನಿಗೂ ಗೊತ್ತಿಲ್ಲದ ಸಂಗತಿಯನ್ನು ನನಗೆ ಹೇಳಿದರು. ಮಾವನ ತಂದೆಯೂ ದೊಡ್ಡ ನೇಕಾರರಂತೆ. ವಯಸ್ಸಾದ ಮೇಲೆ ಕಣ್ಣು ಮಂಜಾದರೂ ಒಪ್ಪಿಕೊಳ್ಳದೆ ನೇಯುತ್ತಲೇ ಇದ್ದರು. ಒಂದು ಮದುವೆ ಸೀರೆಯ ಅಂಚಿನಲ್ಲಿ ಎಳೆ ತಪ್ಪಿ, ಹೆಣ್ಣಿನ ಕಡೆಯವರು ಅದನ್ನು ತಂದು ಹತ್ತು ಜನರ ಮುಂದೆ ಅವರ ಕಾಲ ಬಳಿ ಎಸೆದು ಹೋದರು. ಅವರು ಆಮೇಲೆ ಮನೆಯ ಹೊರಗೆ ಕಾಲಿಡಲಿಲ್ಲ. ಈಗ ಮಾವನ ಕಣ್ಣಿನಲ್ಲೂ ಅದೇ ಮಂಜು ಸಣ್ಣಗೆ ಶುರುವಾಗಿತ್ತು. ಅದಕ್ಕೇ ಅವರು ತಮಗೆ ತಾವೇ ಒಂದು ಕಟ್ಟು ಹಾಕಿಕೊಂಡಿದ್ದರು: ದಿನಾ ಬೆಳಿಗ್ಗೆ ಬಾನಿಯಲ್ಲಿ ಏಳೂ ಮೀನು ಎಣಿಸಲು ಆದರೆ ಮಗ್ಗಕ್ಕೆ ಕೂರುವುದು, ಎಣಿಸಲಾಗದ ದಿನ ಲಾಳಿ ಕೆಳಗಿಡುವುದು, ಮತ್ತೆ ಮುಟ್ಟದಿರುವುದು. ಕಪ್ಪು ಕಲ್ಲಿನ ಬಾನಿಯಲ್ಲಿ ಆ ಕಪ್ಪು ಮೀನನ್ನು ಬೇಕೆಂದೇ ಬಿಟ್ಟಿದ್ದರು.

"ಬಿಳೀ ನೀರು ನೋಡಿ ಕಣ್ಣೇ ಹೋಯ್ತು ಅನ್ಕಂಡವ್ರೆ. ನೀನು ಬೇರೆ ಕನ್ನಡಿ ಹಂಗೈತೆ ಅಂದೀಯ," ಎಂದರು ಅತ್ತೆ.

ಹದಿನೈದು ದಿನದಿಂದ ಆ ಮನುಷ್ಯ ರಾಟೆಯ ಮುಂದೆ ಏನನ್ನು ಸುತ್ತುತ್ತಾ ಕೂತಿದ್ದರು ಎಂಬುದು ಆಗ ತಿಳಿಯಿತು. ನನ್ನ ಕೆಲಸ ಹಗುರವಾಯಿತೆಂದು ನಾನು ಒಳಗೆ ಹಾಡು ಹೇಳಿಕೊಂಡಿದ್ದೆ. ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

"ಬೆಕ್ಕಿಗೆ ಹೇಳಿದ್ದು ಸಾಕು. ಹೋಗು, ಎದುರಿಗೆ ನಿಂತು ನೀನೇ ಹೇಳು," ಎಂದು ಅತ್ತೆ ನನ್ನ ಬೆನ್ನಿಗೆ ಕೈಯಿಟ್ಟು ತಳ್ಳಿದರು.

ಪಡಸಾಲೆಗೆ ಹೋಗಿ ನಿಂತೆ. "ಮಾವ," ಎಂದೆ. ಆ ಮನೆಗೆ ಬಂದ ಮೇಲೆ ಅವರಿಗೆ ನೇರವಾಗಿ ಹೇಳಿದ ಮೊದಲ ಮಾತು ಅದು. ರಾಟೆ ನಿಂತಿತು. ನಾನು ಅಳುತ್ತಾ ಎಲ್ಲವನ್ನೂ ಹೇಳಿದೆ. ನೀರು ಕೆಟ್ಟಿತ್ತು, ಕೆಡಿಸಿದವಳು ನಾನು, ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಒಳ್ಳೆ ಮನಸು ನಿಂದು," ಎಂದರು ಕೊನೆಗೆ. "ನಿಮ್ಮತ್ತೆ ಹೇಳಿಕೊಟ್ಟು ಕಳ್ಸವ್ಳೆ ಅಂತ ಗೊತ್ತವ್ವ."

"ಇಲ್ಲ ಮಾವ, ದೇವ್ರಾಣೆ. ಬಂದು ನೋಡ್ರಿ, ನೀರೇ ಬೆಳ್ಳಗೈತೆ."

"ಬೆಳ್ಳಗಿರೋದು ನೀರೋ ಕಣ್ಣೋ ಅಂತ ನನಗೆಂಗೆ ಗೊತ್ತಾಗ್ಬೇಕು? ತಿಳಿಯಾದ ದಿನ ಕರಿ. ಬಂದು ಎಣಿಸ್ತೀನಿ. ಅಲ್ಲೀವರ್ಗೂ ಮಗ್ಗದ ಮಾತು ಬ್ಯಾಡ." ರಾಟೆ ಮತ್ತೆ ತಿರುಗಿತು.

ಅಲ್ಲಿಗೆ ಇಡೀ ಮನೆಯ ಮಾನ ಒಂದು ಬಾನಿ ನೀರಿನ ಮೇಲೆ ನಿಂತಿತು. ಬಾವಿಯ ಹೊಸ ನೀರು ತುಂಬಿ ಆ ಗಳಿಗೆಯಲ್ಲೇ ತೋರಿಸೋಣವೆಂದರೆ, ಎರಡು ದಿನಕ್ಕೆ ಅದು ಮತ್ತೆ ಬೆಳ್ಳಗಾದಾಗ ಅವರು ಪುನಃ ಕಣ್ಣನ್ನೇ ದೂರುತ್ತಿದ್ದರು, ನಮಗೆ ಬೇಕಿದ್ದದ್ದು ನಿಲ್ಲುವ ತಿಳಿ. ಅತ್ತೆ ಇದಕ್ಕೆ ತಮ್ಮ ಮದ್ದು ಹೇಳಿದರು. ಆ ಬಾನಿಯನ್ನು ಅವರು ಮದುವೆಯಾಗಿ ಬಂದಾಗಿನಿಂದ ಯಾರೂ ತೊಳೆದಿರಲಿಲ್ಲ. ನೀರು ಕಡಿಮೆಯಾದಾಗ ಒಂದು ಚೊಂಬು ಸೇರಿಸುತ್ತಿದ್ದರು, ಅಷ್ಟೇ. ಮೀನಿಗೆ ಯಾರೂ ಏನೂ ಹಾಕುತ್ತಿರಲಿಲ್ಲ. ಅವು ಪಾಚಿ, ಹುಳ ತಿಂದುಕೊಂಡಿದ್ದವು. "ನೀರು ಕಾಯ್ತಿದ್ದುದೇ ಆ ಪಾಚಿ. ಅದನ್ನೇ ಕೆರೆದು ಬಿಸಾಕಿದ್ಯಲ್ಲ ತಾಯಿ. ಮ್ಯಾಲೆ ಅನ್ನ ಬೇರೆ ಕೊಳೆಸಿದೀಯ," ಎಂದರು. ಕರಿಬೇವಿನ ಬುಡಕ್ಕೆ ಹೋಗಿ ನೋಡಿದೆ. ಪಾಚಿ ಒಣಗಿ ಹಪ್ಪಳವಾಗಿತ್ತು. ಗಿಡ ಮಾತ್ರ ಚೆನ್ನಾಗಿ ಚಿಗುರಿತ್ತು.

ಮೀನು ಬಂದ ಜಾಗದಿಂದಲೇ ಪಾಚಿ ತರುವುದೆಂದಾಯಿತು. ನಸುಕಿನಲ್ಲೇ ಗಾಡಿ ಕಟ್ಟಿಸಿಕೊಂಡು ನಾನೂ ಅತ್ತೆಯೂ ಜಟಿಂಗ ರಾಮೇಶ್ವರದ ದಾರಿ ಹಿಡಿದೆವು. ಬೆಟ್ಟದ ಬುಡದಲ್ಲಿ ಕುರಿ ಮೇಯಿಸುತ್ತಿದ್ದವನೊಬ್ಬ, ಮಡಿಯುಟ್ಟ ಇಬ್ಬರು ಹೆಂಗಸರು ದೊಣೆಯಲ್ಲಿ ಮೊಣಕಾಲುದ್ದ ಇಳಿದು ಪಾಚಿ ಕಟ್ಟಿದ ಕಲ್ಲುಗಳನ್ನು ಆರಿಸುವುದನ್ನು ನೋಡಿ ಕುರಿಗಳನ್ನೇ ಮರೆತ.

"ಏನವ್ವಾ, ದೇವಸ್ಥಾನ ಮ್ಯಾಲೈತೆ," ಎಂದ.

"ದೇವ್ರಿಗೆ ಆಮ್ಯಾಲೆ ಕೈ ಮುಗೀತೀವಿ, ಮೊದ್ಲು ಪಾಚಿ ಸಿಗ್ಲಿ," ಎಂದರು ಅತ್ತೆ.

ಆರು ಕಲ್ಲು, ಒಂದಿಷ್ಟು ನೀರುಗಿಡ, ಒಂದು ಗಡಿಗೆ ಹಳೇ ನೀರು ತುಂಬಿಕೊಂಡೆವು. ಆಮೇಲೆ ಬೆಟ್ಟ ಹತ್ತಿ ಕೈ ಮುಗಿದೆವು. ಅತ್ತೆ ಏನು ಬೇಡಿಕೊಂಡರೋ ಗೊತ್ತಿಲ್ಲ. ನಾನು ನೀರೊಂದು ತಿಳಿಯಾಗಲಿ ಎಂದೆ.

ಕಲ್ಲುಗಳನ್ನು ಬಾನಿಯಲ್ಲಿ ಜೋಡಿಸಿ ಗಡಿಗೆಯ ನೀರು ಸುರಿದ ಮೇಲೆ ಅತ್ತೆ ನನಗೆ ಹೇಳಿದ್ದು ಬಲು ಕಷ್ಟದ ಕೆಲಸ. "ಇನ್ನು ಕೈ ಕಟ್ಕೊಂಡು ಕೂತ್ಕ. ಅನ್ನ ಹಾಕಂಗಿಲ್ಲ, ನೀರು ಬದಲಿಸಂಗಿಲ್ಲ, ಬೆರಳೂ ಅದ್ದಂಗಿಲ್ಲ." ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ನೀರು ಮೂರು ದಿನ ಇನ್ನೂ ಬೆಳ್ಳಗೇ ಇತ್ತು. ನನ್ನ ಅಂಗೈ ತುರಿಸುತ್ತಿತ್ತು. ಆ ಸಿಟ್ಟಿಗೆ ಮನೆಯ ಪಾತ್ರೆಗಳನ್ನೆಲ್ಲ ಎರಡೆರಡು ಸಲ ತಿಕ್ಕಿದೆ. ಬೆಕ್ಕಿಗೂ ಸ್ನಾನ ಮಾಡಿಸಲು ಹೋಗಿ ಕೈ ಪರಚಿಸಿಕೊಂಡೆ. ಐದನೆಯ ದಿನ ಬಾನಿಯ ಅಂಚಿನಲ್ಲಿ ಒಂದು ಬಾಲ ಕಂಡ ಹಾಗಾಯಿತು. ಎಂಟನೆಯ ದಿನಕ್ಕೆ ತಳದ ಕಲ್ಲುಗಳ ನೆರಳು ಕಂಡಿತು. ಹತ್ತನೆಯ ದಿನ ಬೆಳಿಗ್ಗೆ ನೋಡುತ್ತೇನೆ, ನೀರೇ ಇಲ್ಲವೇನೋ ಎಂಬಷ್ಟು ತಿಳಿ. ಯಾರೂ ಏನೂ ಮಾಡಿರಲಿಲ್ಲ.

ಅತ್ತೆಯನ್ನೂ ಕೇಳದೆ ಪಡಸಾಲೆಗೆ ಓಡಿದೆ. "ಮಾವ, ಬರ್ರಿ. ತಿಳಿಯಾಗೈತೆ."

ಅವರು ಬಂದರು. ಹೆಜ್ಜೆ ನಿಧಾನವಾಗಿತ್ತು. ಕಲ್ಲಿನ ಮೇಲೆ ಕೂತು, ಎರಡೂ ಕೈ ತೊಡೆಯ ಮೇಲೆ ಊರಿ ಬಗ್ಗಿದರು. ಅತ್ತೆ ಕಂಬ ಹಿಡಿದು ನಿಂತರು, ನಮ್ಮ ಮನೆಯವರೂ ಮಗ್ಗ ಬಿಟ್ಟು ಬಂದರು. "ಒಂದು," ಎಂದರು ಮಾವ. "ಎರಡು. ಮೂರು." ನಾನು ಅವರ ಜೊತೆಗೇ ಮನಸ್ಸಿನಲ್ಲಿ ಎಣಿಸುತ್ತಿದ್ದೆ. "ನಾಕು, ಐದು, ಆರು." ಅಲ್ಲಿಗೆ ನಿಂತರು.

ನಾನೂ ಆರಕ್ಕೇ ನಿಂತಿದ್ದೆ. ಕಪ್ಪು ಮೀನು ಎಲ್ಲೂ ಇರಲಿಲ್ಲ. ಪಟಿಕದ ಏಟಿಗೆ ಆಮೇಲೆ ಸತ್ತುಹೋಯಿತೋ, ಬೆಕ್ಕು ತಿಂದಿತೋ ಎಂದು ನನ್ನ ಜೀವ ಬಾಯಿಗೆ ಬಂತು. "ನನಗೂ ಆರೇ ಕಾಣ್ತಾವೆ ಮಾವ," ಎಂದರೆ ಅವರು ನಂಬುವುದಿಲ್ಲ. ಸುಳ್ಳುಗಾತಿಯ ಮಾತು ಯಾರು ನಂಬುತ್ತಾರೆ? ಅವರು ಮೊಣಕಾಲ ಮೇಲೆ ಕೈಯೂರಿ ಏಳಲು ಹೊರಟರು. ನನಗೆ ತಡೆಯಲಾಗಲಿಲ್ಲ. ಅತ್ತೆಯ ಆಜ್ಞೆ ಮುರಿದು ತೋಳನ್ನು ನೀರಿಗೆ ಹಾಕಿ, ತಳದಲ್ಲಿದ್ದ ದೊಡ್ಡ ಪಾಚಿಗಲ್ಲನ್ನು ಎತ್ತಿದೆ. ನೀರು ಅಲುಗಿ ನನಗೇನೂ ಕಾಣಲಿಲ್ಲ.

"ಅಗೋ, ಏಳು," ಎಂದರು ಮಾವ. "ನಿನ್ನ ಮೊಣಕೈ ಹಿಂದೆ ಹೋಯ್ತು ನೋಡು, ಕಳ್ಳ."

ತಿರುಗಿ ನೋಡಿದರೆ ಕಪ್ಪು ಮೀನು ಬಾನಿಯ ಮೂಲೆಯಲ್ಲಿ ಬಾಲ ಆಡಿಸುತ್ತಿತ್ತು. ನಾಲ್ವರಲ್ಲಿ ಮೊದಲು ಕಂಡದ್ದು ಅವರಿಗೇ. ಅತ್ತೆ ಕಣ್ಣೊರೆಸಿಕೊಂಡು ತೆಲುಗಿನಲ್ಲಿ ಏನೋ ಬೈದರು, ಮೀನಿಗೋ ಗಂಡನಿಗೋ ಗೊತ್ತಾಗಲಿಲ್ಲ. ಮಾವ ನಗುತ್ತಾ ಎದ್ದು ಹೋಗಿ ಪಂಚೆ ಎಳೆದು ಹಾಕಿದರು. ಸ್ವಲ್ಪ ಹೊತ್ತಿಗೆ ಟಕಟಕ ಕೇಳಿಸಿತು. ಅವತ್ತಿನಿಂದ ಆ ಸದ್ದಿಗೆ ನನಗೆ ತಲೆ ಚಿಟ್ಟು ಹಿಡಿದದ್ದಿಲ್ಲ.

ಅದಾದ ಮೇಲೆ ಬೆಕ್ಕಿಗೆ ನಮ್ಮ ಮನೆಯಲ್ಲಿ ಕೆಲಸವಿಲ್ಲದಂತಾಯಿತು. ಮಾವ ದಿನಾ ಬೆಳಿಗ್ಗೆ ಬಾನಿಯ ಹತ್ತಿರ ಕೂತು ನನ್ನನ್ನೇ ಕೇಳುತ್ತಿದ್ದರು: "ನೀರು ತಿಳಿಯಾಗೈತೇನವ್ವ?" ನಾನು ಹಿಟ್ಟಿನ ಕೈಯಲ್ಲೇ ಬಂದು ನೋಡಿ ಹೇಳುತ್ತಿದ್ದೆ. ಇದ್ದದ್ದನ್ನು ಇದ್ದ ಹಾಗೆಯೇ ಹೇಳುತ್ತಿದ್ದೆ. ಎದುರು ನಿಂತು ಮಾತಾಡುವ ಸೊಸೆ ಎಂದು ಕೇರಿಯಲ್ಲಿ ಆಡಿಕೊಂಡರು. ಆಡಿಕೊಳ್ಳಲಿ ಬಿಡು, ಎಂದರು ಅತ್ತೆ. ಮಾವ ಹಾಗೆ ಒಂಬತ್ತು ವರ್ಷ ಎಣಿಸಿದರು, ಒಂಬತ್ತು ವರ್ಷ ನೇಯ್ದರು. ಮೀನು ಸತ್ತರೆ ಬೆಟ್ಟದಿಂದ ಬೇರೆ ತರುತ್ತಿದ್ದೆವು, ಏಳರಲ್ಲಿ ಒಂದು ಕಪ್ಪಗೇ ಇರಬೇಕಿತ್ತು. ನನಗೆ ಎರಡು ಹೆಣ್ಣು ಮಕ್ಕಳಾದವು. ಅವು ಎಣಿಕೆ ಕಲಿತದ್ದೂ ಆ ಬಾನಿಯಲ್ಲೇ, ಹಾಗಾಗಿ ಎಷ್ಟೋ ದಿನ ಏಳರ ಮುಂದೆ ಎಣಿಕೆಯೇ ಇಲ್ಲ ಎಂದುಕೊಂಡಿದ್ದವು.

ಹತ್ತನೆಯ ವರ್ಷ, ಒಂದು ಬೆಳಿಗ್ಗೆ ಮಾವ ಬಾನಿಯ ಹತ್ತಿರ ಬಹಳ ಹೊತ್ತು ಕೂತರು. ಬಗ್ಗಿ ನೋಡಿದರು, ಕಣ್ಣುಜ್ಜಿ ನೋಡಿದರು. ಆಮೇಲೆ ಕೇಳಿದರು. "ನೀರು ತಿಳಿಯಾಗೈತೇನವ್ವ?"

ಹೋಗಿ ನೋಡಿದೆ. ನೀರು ಫಳಫಳ ಅನ್ನುತ್ತಿತ್ತು. ಏಳೂ ಮೀನು ಅವರ ಮುಖದ ಕೆಳಗೇ ಆಡುತ್ತಿದ್ದವು, ಕಪ್ಪು ಮೀನಂತೂ ಎಲ್ಲಕ್ಕಿಂತ ಮುಂದಿತ್ತು.

"ಇಲ್ಲ ಮಾವ," ಎಂದೆ. "ಯಾಕೋ ಬೆಳ್ಳಗಾಗೈತೆ."

ಅವರು ನನ್ನ ಕಡೆ ತಿರುಗಿ ಮುಗುಳ್ನಕ್ಕರು. "ಹೌದಾ. ಹಂಗಾರೆ ಕಾಯಾನ ಬಿಡು," ಎಂದರು. ಅವತ್ತು ಮಗ್ಗಕ್ಕೆ ಹೋಗಲಿಲ್ಲ. ಆದರೆ ಅದರ ಮೇಲೆ ಪಂಚೆಯನ್ನೂ ಹೊದಿಸಲಿಲ್ಲ. ಅಂಗಳದಲ್ಲೇ ಕೂತು ಮೊಮ್ಮಕ್ಕಳಿಗೆ ಕಥೆ ಹೇಳಿದರು. ಮರುದಿನ ಬಂದು ಅದೇ ಪ್ರಶ್ನೆ ಕೇಳಿದರು, ನಾನು ಅದೇ ಉತ್ತರ ಹೇಳಿದೆ. ಅದರ ಮರುದಿನವೂ ಹಾಗೇ. ಹೀಗೆ ತಿಂಗಳು ಕಳೆಯಿತು. ಅತ್ತೆ ಕೇಳಿಸಿಕೊಂಡೂ ಕೇಳಿಸದ ಹಾಗೆ ಇರುತ್ತಿದ್ದರು.

ಒಂದು ದಿನ ಮಾವ ಬಾನಿಯ ಹತ್ತಿರ ಕೂತವರು ನೋಡಲು ಬಗ್ಗಲೇ ಇಲ್ಲ. ಅಂಗಿಯ ತೋಳು ಮಡಚಿ ಕೈಯನ್ನು ನೀರಿನಲ್ಲಿ ಇಳಿಬಿಟ್ಟರು. ಮೀನುಗಳು ಬಂದು ಬೆರಳುಗಳನ್ನು ಕಚ್ಚಿ ಕಚ್ಚಿ ನೋಡಿದವು. ಅವರಿಗೆ ಕಚಗುಳಿಯಾಗಿ ನಗು ಬಂತು.

"ಇವತ್ತು ತಿಳಿಯಾಗೈತೆ ಅನ್ನವ್ವ," ಎಂದರು. "ಪರವಾಗಿಲ್ಲ."

ನಾನು ಪಕ್ಕದಲ್ಲಿ ಕೂತೆ.

"ತಿಳಿಯಾಗೈತೆ ಮಾವ," ಎಂದೆ. "ಏಳೂ ಅವೆ."

ಅವರು ಕೈಯನ್ನು ಪಂಚೆಗೆ ಒರೆಸಿಕೊಂಡು, ಎದ್ದು ಗೋಡೆ ಹಿಡಿದು ಪಡಸಾಲೆಗೆ ಹೋದರು. ತಮ್ಮ ಲಾಳಿಯನ್ನು ತೆಗೆದು ಮಗನ ಕೈಗೆ ಕೊಟ್ಟು, ಕಿಟಕಿಯ ಮಗ್ಗಕ್ಕೆ ನೀನು ಬಾ ಎಂದರು.